ತೋಡಿನ ಬದಿಯ ಬೇಲಿ ಮತ್ತು ಸಮೀಕರಣದ ಉತ್ತರ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ತರಕಾರಿ ಮಾಡುವವರಿಗೆ ಬೇಲಿ ಬೇಕೇ ಬೇಕು, ಹಂದಿ ಬಿಡುವುದಿಲ್ಲ. ಕೈಯಲ್ಲಿ 40 ಮೀಟರ್ ಬಲೆ ಇದೆ ಎನ್ನಿ. ಒಂದು ಬದಿಗೆ ತೋಡೇ ಇರುವುದರಿಂದ ಉಳಿದ ಮೂರು ಬದಿಗೆ ಬೇಲಿ ಕಟ್ಟಿದರೆ ಸಾಕು. 150 ಚದರ ಮೀಟರ್ ಜಾಗ ಸಿಗಬೇಕಾದರೆ ಅಗಲ, ಅಂದರೆ ತೋಡಿನಿಂದ ಹೊರಡುವ ಎರಡು ಬದಿಗಳ ಉದ್ದ, ಎಷ್ಟಿರಬೇಕು?

ಅಗಲ × (40 − 2 × ಅಗಲ) = 150. ಹತ್ತನೇ ತರಗತಿಯ ವರ್ಗ ಸಮೀಕರಣವಿದು. ಸೂತ್ರ ಹಾಕುವ ಮೊದಲು ಗ್ರಾಫ್ ಹಾಳೆ ತೆಗೆಯಿರಿ. ಅಡ್ಡಕ್ಕೆ ಅಗಲ, ಮೇಲಕ್ಕೆ ವಿಸ್ತೀರ್ಣ. ಅಗಲ 5 ಆದಾಗ ವಿಸ್ತೀರ್ಣ 150, 10ಕ್ಕೆ 200, 15ಕ್ಕೆ ಮತ್ತೆ 150, 20ಕ್ಕೆ ಸೊನ್ನೆ. ಬಿಂದುಗಳನ್ನು ಸೇರಿಸಿದರೆ ಕವುಚಿಟ್ಟ ಬೋಗುಣಿಯಂಥ ಪರವಲಯ ಬರುತ್ತದೆ. ಈಗ 150ರ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಅದು ಪರವಲಯವನ್ನು 5ರಲ್ಲೂ 15ರಲ್ಲೂ ಕಡಿಯುತ್ತದೆ. ಎರಡೂ ಸರಿಯಾದ ಉತ್ತರಗಳೇ: ಒಂದು ಉದ್ದನೆಯ ಪಟ್ಟಿ, ಇನ್ನೊಂದು ಅಷ್ಟು ಉದ್ದವಿಲ್ಲದ ಆಯತ.

ನನಗೆ ಬಹಳ ಇಷ್ಟವಾಗುವುದು ಇದರ ಮುಂದಿನ ಭಾಗ. ಅಡ್ಡಗೆರೆಯನ್ನು ಮೆಲ್ಲಗೆ ಮೇಲೆ ಸರಿಸುತ್ತಾ ಹೋಗಿ. ಎರಡು ಉತ್ತರಗಳೂ ಹತ್ತಿರ ಹತ್ತಿರ ಬರುತ್ತವೆ, 200ರಲ್ಲಿ ಒಂದಾಗುತ್ತವೆ. 210ಕ್ಕೆ ಏರಿಸಿದರೆ ಗೆರೆ ಪರವಲಯಕ್ಕೆ ತಾಗುವುದೇ ಇಲ್ಲ. ಅಂದರೆ ಅಷ್ಟು ಬಲೆಯಲ್ಲಿ ಅಷ್ಟು ಜಾಗ ಹೇಗೆ ಕಟ್ಟಿದರೂ ಸಿಗದು. ಶೋಧಕ (ax² + bx + c = 0 ಎಂಬ ಸಮೀಕರಣದಲ್ಲಿ b² − 4ac) ಧನವಾದರೆ ಎರಡು ಮೂಲ, ಅಂದರೆ ಎರಡು ಉತ್ತರ, ಸೊನ್ನೆಯಾದರೆ ಒಂದು, ಋಣವಾದರೆ ವಾಸ್ತವ ಮೂಲವಿಲ್ಲ ಎಂದು ಮಕ್ಕಳು ಬಾಯಿಪಾಠ ಮಾಡುವುದು ಇದನ್ನೇ. ಒಮ್ಮೆ ಈ ಚಿತ್ರ ಬಿಡಿಸಿದ ಮಗುವಿಗೆ ಆ ಬಾಯಿಪಾಠ ಬೇಡ. ಸೂತ್ರಕ್ಕಿಂತ ಮೊದಲು ಇದನ್ನೇ ಕಲಿಸಬೇಕು.

ಎರಡು ರೇಖೆಗಳು ಕೂಡುವ ಜಾಗವೇ ಉತ್ತರ ಎಂಬ ವಿಚಾರ ಹಳೆಯದು. ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ 1637ರಲ್ಲಿ ಬೀಜಗಣಿತಕ್ಕೂ ರೇಖಾಗಣಿತಕ್ಕೂ ನಂಟು ಬೆಸೆಯುವ ಎಷ್ಟೋ ಮೊದಲೇ ಪರ್ಷಿಯಾದ ಉಮರ್ ಖಯ್ಯಾಮ್ (1048–1131) ಘನ ಸಮೀಕರಣಗಳನ್ನು ಪರವಲಯ, ವೃತ್ತಗಳ ಛೇದನದಿಂದ ಬಿಡಿಸಿದ್ದ.

ಸೂತ್ರ ಕೈಕೊಡುವಲ್ಲಿ ಗ್ರಾಫಿನ ಬೆಲೆ ಇನ್ನೂ ಹೆಚ್ಚು. ಯಾವ ಸಂಖ್ಯೆಯ ವರ್ಗವೂ, 2ಕ್ಕೆ ಅದೇ ಸಂಖ್ಯೆಯನ್ನು ಘಾತವಾಗಿ ಹಾಕಿದಾಗ ಸಿಗುವ ಬೆಲೆಯೂ ಸಮ (x² = 2ˣ)? 2 ಮತ್ತು 4 ಎಂದು ಊಹಿಸಬಹುದು. ಎರಡರ ಗ್ರಾಫನ್ನೂ ಎಳೆದರೆ ಸೊನ್ನೆಯ ಎಡಕ್ಕೆ ಮೂರನೆಯ ಛೇದನವೂ ಕಾಣುತ್ತದೆ. ಸೊನ್ನೆಯಲ್ಲಿ ಘಾತ 1, ವರ್ಗ 0. −1ರಲ್ಲಿ ಘಾತ 0.5, ವರ್ಗ 1. ಮೇಲಿದ್ದದ್ದು ಕೆಳಗಾಯಿತು. ಎರಡೂ ಎಲ್ಲೂ ತುಂಡಾಗದೆ ಸಾಗುವ ರೇಖೆಗಳಾದ್ದರಿಂದ ನಡುವೆ ಎಲ್ಲೋ ಕೂಡಿರಲೇಬೇಕು. 1817ರಲ್ಲಿ ಗಣಿತಜ್ಞ ಬೊಲ್ಜಾನೊ ಸಾಧಿಸಿ ತೋರಿಸಿದ್ದು ಈ ತತ್ವವನ್ನೇ. −0.75ರಲ್ಲಿ ಘಾತ ಇನ್ನೂ ಮೇಲಿದೆ, −0.8ರಲ್ಲಿ ಕೆಳಗಿಳಿದಿದೆ. ಹೀಗೆ ಅಂತರ ಕಿರಿದು ಮಾಡುತ್ತಾ ಹೋದರೆ ಸುಮಾರು −0.767 ಸಿಗುತ್ತದೆ.