ಸಮಾಧಾನ, ಸಮಾಧಿ, ಒಂದು ಕರಪತ್ರ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ದುಡ್ಡು ಕೊಡುವಾಗ ಸೋಂಪಿನ ಬಟ್ಟಲಿನ ಅಡಿಯಲ್ಲಿ ಕರಪತ್ರದ ಕಟ್ಟೊಂದು ಕಂಡಿತು. ಕಾಡಿನ ನಡುವೆ ಎರಡು ದಿನದ ಶಿಬಿರ, ಊಟ ವಸತಿ ಸಹಿತ. "ಜೀವನದ ಸಕಲ ಸಮಸ್ಯೆಗಳಿಗೂ ಸಮಾಧಾನ ಪಡೆಯಿರಿ, ಸಮಾಧಿಯ ಪರಮಶಾಂತಿ ಅನುಭವಿಸಿ, ಬದುಕಿನ ಗುರಿ ಮುಟ್ಟಿ." ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕೈಲಿ ಅದನ್ನು ಓದಿಸಿ ಕೇಳಿಸಿಕೊಂಡು, "ಯಾರ ಸಮಾಧಿಯಂತೋ ಮಾರಾಯ?" ಅಂದರು. ಮಳೆಗಾಲ ಮುಗಿದ ಮೇಲೆ ಇಂಥದ್ದು ನನ್ನ ಕೈಗೆ ಸಿಕ್ಕಿದ್ದು ಇದು ಮೂರನೆಯದು. ಇನ್ನು ಬರೆಯದೆ ಇರಲಾಗುವುದಿಲ್ಲ.

ಮೊದಲು ಸಣ್ಣ ತಕರಾರು. ಕನ್ನಡದಲ್ಲಿ ಸಮಸ್ಯೆಗೆ ಪರಿಹಾರ, ಮನುಷ್ಯರಿಗೆ ಸಮಾಧಾನ. ಅಳುವ ಮಗುವಿಗೆ, ಮುನಿಸಿಕೊಂಡ ಭಾವನಿಗೆ, ಕೂದಲೆಳೆಯ ಅಂತರದಲ್ಲಿ ಸೋತವರಿಗೆ ಸಮಾಧಾನ. ಸಮಸ್ಯೆಯನ್ನು ಯಾರೂ ಸಮಾಧಾನ ಮಾಡುವುದಿಲ್ಲ, ಅದು ಅಳುವುದೂ ಇಲ್ಲ. 'ಸಮಸ್ಯೆಗೆ ಸಮಾಧಾನ' ಹಿಂದಿಯಿಂದ ಎತ್ತಿಕೊಂಡು ಬಂದದ್ದು, ಅಲ್ಲಿ ಸಮಾಧಾನ ಅಂದರೆ ಪರಿಹಾರ. ತೆಲುಗಿನಲ್ಲಿ ಅದೇ ಪದ ಉತ್ತರ, ಪ್ರಶ್ನೆಪತ್ರಿಕೆಗೆ ಬರೆಯುವ ಉತ್ತರವೂ ಸಮಾಧಾನವೇ. ಮಲಯಾಳದಲ್ಲಿ ಶಾಂತಿ, ತಮಿಳಿನಲ್ಲಿ ಜಗಳವಾದ ಮೇಲಿನ ರಾಜಿ, ಮರಾಠಿಯಲ್ಲಿ ತೃಪ್ತಿ. ಒಂದೇ ಪದ ಐದು ಮನೆಗೆ ಸೊಸೆಯಾಗಿ ಹೋಗಿ ಐದು ಅಡುಗೆ ಕಲಿತಿದೆ. ಶಾಸ್ತ್ರಗ್ರಂಥಗಳಲ್ಲಿ ಆಕ್ಷೇಪಕ್ಕೆ ಕೊಡುವ ಉತ್ತರವನ್ನು ಸಮಾಧಾನ ಎಂದೇ ಕರೆಯುತ್ತಾರೆ, ಹಾಗಾಗಿ ಹಿಂದಿಯವರದು ತಪ್ಪಲ್ಲ. ತಪ್ಪು ನಮ್ಮ ಮನೆಯಲ್ಲಿ ಅವರ ಅಡುಗೆ ಬಡಿಸಿ ಇದೇ ನಮ್ಮದು ಅನ್ನುವವರದು.

ದೊಡ್ಡ ತಕರಾರು ಪದದ ಒಳಗೇ ಇದೆ. 'ಸಂ', 'ಆ' ಎಂಬ ಎರಡು ಉಪಸರ್ಗ, ಆಮೇಲೆ ಧಾ ಎಂಬ ಧಾತು. ಧಾ ಅಂದರೆ ಇಡು. ಬಹಳ ದೊಡ್ಡ ಕುಟುಂಬ ಇದು. ನೆಲದಲ್ಲಿ ಇಟ್ಟದ್ದು ನಿಧಿ, ಹೀಗೇ ಎಂದು ಇಟ್ಟ ಕಟ್ಟಳೆ ವಿಧಿ, ಎರಡನ್ನು ಕೂಡಿಸಿ ಇಟ್ಟರೆ ಸಂಧಿ. ಅಷ್ಟಾವಧಾನದ ಅವಧಾನ, ವಿಧಾನಸೌಧದ ವಿಧಾನ, ಶ್ರದ್ಧೆಯ ಬಾಲದಲ್ಲಿರುವ 'ಧಾ' ಎಲ್ಲ ಇದೇ. ಹಿತ ಅನ್ನುವುದೂ ಇದರ ಮಗುವೇ: ಧಾ ಧಾತುವಿನ ಭೂತರೂಪ ಹಿತ, ಅಂದರೆ ಇಟ್ಟದ್ದು. ನನಗೆ ಎಲ್ಲಕ್ಕಿಂತ ಮೋಜೆನಿಸುವುದು ನಿಧಾನ. ಸಂಸ್ಕೃತದಲ್ಲಿ ಅದು ಕೆಳಗಿಡುವುದು, ಇಟ್ಟ ಜಾಗ, ಹೂತಿಟ್ಟ ಧನ. ಆಗುಂಬೆ ಘಾಟಿಯ ತಿರುವಿನಲ್ಲಿ ಅದು ಗಾಡಿಯ ವೇಗ. ಕನ್ನಡಿಗರು ಸಮಾಧಾನವನ್ನೂ ನಿಧಾನವನ್ನೂ ಒಂದೇ ಕಡೆ ವಾಲಿಸಿಕೊಂಡಿದ್ದಾರೆ. ಎರಡರಲ್ಲೂ ಇಡುವ ಕೆಲಸ ಹೋಗಿ ತಣ್ಣಗಿರುವ ಗುಣ ಉಳಿದಿದೆ. "ಸಮಾಧಾನದಲ್ಲಿ ಊಟ ಮಾಡು" ಅನ್ನುವ ಅಮ್ಮನಿಗೆ ಎರಡೂ ಒಂದೇ.

ಆದರೆ ಕಳೆದುಹೋದ ಆ 'ಇಡು' ಇನ್ನೊಂದು ಬಾಗಿಲಿನಿಂದ ಕನ್ನಡದೊಳಗೆ ಬಂದು ಕೂತಿದೆ. "ಮನಸ್ಸಿಟ್ಟು ಓದು" ಅನ್ನುತ್ತೇವಲ್ಲ, ಅದೇ ಸಮಾಧಾನದ ಅಕ್ಷರಾನುವಾದ. ಚೆಲ್ಲಿಹೋದ ಮನಸ್ಸನ್ನು ಒಟ್ಟುಮಾಡಿ ಒಂದು ಕಡೆ ಇಡುವುದು. ವೇದಾಂತದವರು ಹೇಳುವುದೂ ಇದನ್ನೇ. ಶಂಕರರ ಹೆಸರಿನಲ್ಲಿರುವ ತತ್ತ್ವಬೋಧ ಸಮಾಧಾನ ಅಂದರೇನು ಎಂದು ಕೇಳಿ ಒಂದೇ ಪದದಲ್ಲಿ ಮುಗಿಸುತ್ತದೆ: ಚಿತ್ತೈಕಾಗ್ರತಾ, ಅಂದರೆ ಚಿತ್ತ ಒಂದೇ ಕಡೆ ನಿಲ್ಲುವುದು. ಶಾಂತಿ, ಸುಖ, ಆನಂದ ಯಾವುದೂ ಆ ಉತ್ತರದಲ್ಲಿ ಇಲ್ಲ.

ಈ ಸಮಾಧಾನ ಎಲ್ಲಿ ಬರುತ್ತದೆ ಅನ್ನುವುದನ್ನು ನೋಡಬೇಕು. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ, ಇವು ಸಾಧಕನಲ್ಲಿ ಇರಬೇಕಾದ ಆರು ಗುಣ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಂತ, ದಾಂತ ಎಂದು ಶುರುವಾಗಿ 'ಸಮಾಹಿತ' (ಮನಸ್ಸು ಒಟ್ಟಾದವನು) ಎಂದು ಮುಗಿಯುವ ಸಾಲೊಂದಿದೆ, ಪಟ್ಟಿಗೆ ಬೇರು ಅದು. ಈ ಆರೂ ಸೇರಿ ಸಾಧನ ಚತುಷ್ಟಯ ಎಂಬ ನಾಲ್ಕು ಸಿದ್ಧತೆಗಳಲ್ಲಿ ಒಂದು ಆಗುತ್ತದೆ. ಚತುಷ್ಟಯ ಇದ್ದವನು ಬ್ರಹ್ಮವಿಚಾರ ಶುರುಮಾಡಲು ಯೋಗ್ಯ, ಅಷ್ಟೇ. ಅಂದರೆ ಸಮಾಧಾನ ಪಾಠಕ್ಕೆ ಸೇರಲು ಬೇಕಾದ ಅರ್ಹತೆ. ಕರಪತ್ರ ಅದನ್ನು ಪದವಿ ಪ್ರದಾನಕ್ಕೆ ಇಟ್ಟುಕೊಂಡಿದೆ.

ಮಲೆನಾಡಿನವರಿಗೆ ಇದನ್ನು ತಿಳಿಸಲು ಗ್ರಂಥವೇ ಬೇಕಾಗಿಲ್ಲ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಂದು ಮರದ ತಲೆಯಿಂದ ಪಕ್ಕದ ಮರಕ್ಕೆ ದಾಟುವಾಗ ನೋಡಿ. ಮರ ಬಾಗುತ್ತದೆ, ಗಾಳಿ ಇದೆ, ಕೆಳಗೆ ಹಗ್ಗ ಹಿಡಿದವನು ಏನೋ ಕೂಗುತ್ತಿದ್ದಾನೆ, ಬೇಕಾದರೆ ಬಾಯಲ್ಲಿ ಕವಳವೂ ಇದೆ. ಅವನು ಶಾಂತಿಯಲ್ಲಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ಕೂಲಿ ಸಾಲದು ಎಂಬ ಸಿಟ್ಟೂ ಇರಬಹುದು. ಮನಸ್ಸು ಮಾತ್ರ ಇಟ್ಟಲ್ಲಿ ಇದೆ.

ಸಮಾಧಿಯೂ ಇದೇ ಧಾತು, ಇದೇ ಉಪಸರ್ಗ. ಪ್ರತ್ಯಯ ಮಾತ್ರ ಬೇರೆ. ಪತಂಜಲಿಯ ಎಂಟು ಅಂಗಗಳಲ್ಲಿ ಕೊನೆಯದು ಸಮಾಧಿ, ಬುದ್ಧನ ಅಷ್ಟಾಂಗ ಮಾರ್ಗದಲ್ಲೂ ಕೊನೆಯದು ಸಮ್ಯಕ್ ಸಮಾಧಿ. ಕೊನೆಯಲ್ಲಿದೆ ಎಂದ ಕೂಡಲೇ ಅದೇ ಗುರಿ ಎಂದುಕೊಳ್ಳುವವರು ಬಹಳ. ಏಣಿಯ ಕೊನೆಯ ಮೆಟ್ಟಿಲು ಅಟ್ಟವಲ್ಲ. ಪತಂಜಲಿಯ ಅಟ್ಟದ ಹೆಸರು ಕೈವಲ್ಯ, ಬೌದ್ಧರದು ನಿರ್ವಾಣ. ಸಿದ್ಧಾರ್ಥನ ಕತೆಯನ್ನೇ ತೆಗೆದುಕೊಳ್ಳಿ. ಮನೆ ಬಿಟ್ಟ ಮೇಲೆ ಆಳಾರ ಕಾಲಾಮ, ಉದ್ದಕ ರಾಮಪುತ್ತ ಎಂಬ ಇಬ್ಬರ ಬಳಿ ಕಲಿತ. ಅವರು ಹೇಳಿಕೊಟ್ಟ ಧ್ಯಾನದ ಆಳವನ್ನು ತಾನೂ ಮುಟ್ಟಿದ. ಕಾಲಾಮ ಅವನನ್ನು ತನ್ನ ಸಮಕ್ಕೆ ಕೂರಿಸಿಕೊಳ್ಳಲು ತಯಾರಾಗಿದ್ದ. ಇದರಿಂದ ದುಃಖ ಕೊನೆಯಾಗುವುದಿಲ್ಲ ಎಂದು ಅವನು ಎರಡು ಕಡೆಯಿಂದಲೂ ಎದ್ದು ಹೊರಟ. ಸಮಾಧಿ ಸಿಕ್ಕಿತ್ತು, ಬೇಕಾದ್ದು ಸಿಕ್ಕಿರಲಿಲ್ಲ. ಎರಡು ದಿನದ ಪ್ಯಾಕೇಜಿನವರು ಈ ಭಾಗವನ್ನು ಹೇಳಿದ್ದನ್ನು ನಾನು ಕೇಳಿಲ್ಲ.

ಕಣ್ಣು ಮುಚ್ಚಿ ಕೂತರೇ ಸಮಾಧಿ ಅನ್ನುವವರಿಗೆ ಗೀತೆಯ ಎರಡನೇ ಅಧ್ಯಾಯ ಇದೆ. ಸಮಾಧಿಯಲ್ಲಿರುವ ಸ್ಥಿತಪ್ರಜ್ಞನ ಲಕ್ಷಣವೇನು ಎನ್ನುವ ಅರ್ಜುನ, ಅವನು ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಕೇಳುತ್ತಾನೆ. ನಡೆದಾಡಿಕೊಂಡು ಮಾತಾಡುವವನ ವಿಷಯ ಅದು.

ಇನ್ನು ಅಜ್ಜಿಯ ಸಮಾಧಿ. ಅವರೇನೂ ತಪ್ಪು ಕೇಳಲಿಲ್ಲ. ಸಂನ್ಯಾಸಿಗಳನ್ನು ಸಾಮಾನ್ಯವಾಗಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಅವರು ಸತ್ತರು ಅನ್ನದೆ ಸಮಾಧಿಸ್ಥರಾದರು ಅನ್ನುತ್ತೇವೆ, ಕೂರಿಸಿದ ಜಾಗಕ್ಕೂ ಅದೇ ಹೆಸರು ಅಂಟಿತು. ಆಮೇಲೆ ಮಣ್ಣು ಮಾಡಿದ ಎಲ್ಲರಿಗೂ ಹರಡಿತು. ಜೈನರ ದಾರಿ ಬೇರೆ. ಅವರಲ್ಲಿ ಸಾವೇ ಸಮಾಧಿಯಲ್ಲಿ ಆಗಬೇಕು, ಅದಕ್ಕೆ ಸಮಾಧಿಮರಣ ಎಂದೇ ಹೆಸರು. ಅನ್ನ ನೀರು ಕಡಿಮೆ ಮಾಡುತ್ತ, ಮನಸ್ಸನ್ನು ಚೆದುರಗೊಡದೆ ದೇಹ ಬಿಡುವ ಸಲ್ಲೇಖನ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಹಾಗೆ ಹೋದವರ ನೆನಪಿಗೆ ನೆಟ್ಟ ನಿಷಿಧಿ ಕಲ್ಲುಗಳಿವೆ. ಅಂಥ ಕಲ್ಲಿನ ಮುಂದೆ ನಿಂತವನಿಗೆ ಸಮಾಧಿ ಮನಸ್ಸಿನ ಸ್ಥಿತಿಯೋ, ನೆಟ್ಟ ಕಲ್ಲೋ ಎಂದು ಬಿಡಿಸುವ ಅಗತ್ಯವೇ ಬೀಳುವುದಿಲ್ಲ. ಜಪಾನಿಗೆ ಹೋದ ಸಮಾಧಿ ಅಲ್ಲಿ 'ಸಮ್ಮೈ' ಆಗಿದೆ, ಅದೂ ಈ ಎರಡು ದಾರಿಯನ್ನೇ ಹಿಡಿದಿದೆ. ಒಂದು ಕಡೆ ಓದಿನಲ್ಲೋ ಇನ್ನೊಂದರಲ್ಲೋ ಮುಳುಗಿಹೋಗುವುದಕ್ಕೆ ಆ ಪದ, ಇನ್ನೊಂದು ಕಡೆ ಸುಡುಗಾಡಿಗೂ ಅದೇ.

ಗುರಿಯ ಮಾತು ಉಳಿಯಿತು. ನೆಮ್ಮದಿಯೇ ಬದುಕಿನ ಗುರಿ ಎಂದು ಪೂರ್ವದೇಶದವರೆಲ್ಲ ಒಕ್ಕೊರಲಿನಿಂದ ಹೇಳಿದ್ದಾರೆ ಎಂಬಂತೆ ಈ ಕರಪತ್ರಗಳು ಬರೆಯುತ್ತವೆ. ಬಳ್ಳಿಗಾವೆಗೆ ಹೋಗಿಬನ್ನಿ, ಶಿಕಾರಿಪುರದಿಂದ ಅರ್ಧ ಗಂಟೆಯ ದಾರಿ. ಅಲ್ಲಿನ ಕೋಡಿಯ ಮಠದಲ್ಲಿ ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳನ್ನೂ ಪತಂಜಲಿಯ ಯೋಗವನ್ನೂ ಪಾಠ ಮಾಡುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ಅದೇ ಊರಿನಲ್ಲಿ ಬೌದ್ಧ ವಿಹಾರವೂ ಇತ್ತು, ಜೈನ ಬಸದಿಗಳೂ ಇದ್ದವು. ಅಲ್ಲಮ ಹುಟ್ಟಿದ್ದೂ ಅಲ್ಲೇ ಎನ್ನುತ್ತಾರೆ; ಅವನ ಮಾತು ಬಯಲಾಗುವುದರ, ಅಂದರೆ ಶೂನ್ಯದಲ್ಲಿ ಒಂದಾಗುವುದರ ಬಗ್ಗೆ. ಆತ್ಮ ಇದೆ ಎನ್ನುವವರು, ಇಲ್ಲವೇ ಇಲ್ಲ ಎನ್ನುವವರು ಒಂದೇ ಕೆರೆಯ ನೀರು ಕುಡಿದು ವಾದ ಮಾಡಿರಬೇಕು. ಎಲ್ಲರ ಗುರಿಯೂ ಒಂದೇ ಆಗಿದ್ದರೆ ವಾದಕ್ಕೆ ಏನಿತ್ತು? ಮನಸ್ಸಿಡದೆ ಯಾವ ಗುರಿಗೂ ದಾರಿ ಇಲ್ಲ ಅನ್ನುವಷ್ಟರಲ್ಲಿ ಅವರು ಒಪ್ಪಿದ್ದರು ಎನ್ನಬಹುದು, ಅದಕ್ಕಿಂತ ಹೆಚ್ಚು ಎಳೆಯಬೇಡಿ.

ಮರುದಿನ ಅದೇ ಹೋಟೆಲಿನಲ್ಲಿ ಕರಪತ್ರ ಹಂಚುವ ಹುಡುಗನೇ ಸಿಕ್ಕಿದ. 'ಸಮಸ್ಯೆಗೆ ಪರಿಹಾರ' ಎಂದು ಹಾಕಿಸಬಹುದಿತ್ತಲ್ಲ ಎಂದೆ. "ಹಾಕಿದ್ವಿ ಸರ್ ಮೊದ್ಲು," ಅಂದ. "ಅಡಿಕೆ ಕೊಳೆರೋಗಕ್ಕೆ ಸರ್ಕಾರದ ಪರಿಹಾರ ಬಂತು ಅಂದ್ಕೊಂಡು ಜನ ಪಹಣಿ ಹಿಡ್ಕೊಂಡು ಬರಕ್ಕೆ ಶುರು ಮಾಡಿದ್ರು."