ದೂರ ಒಂದೇ, ಗಂಟೆ ಎರಡು

“ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೋಗುವಾಗ ಹತ್ತು ಗಂಟೆ, ವಾಪಸ್ ಬರುವಾಗ ಹನ್ನೆರಡು. ದಾರಿ ಏನು ಬೆಳೆಯುತ್ತದಾ?” ಪರಿಚಯದವರೊಬ್ಬರು ಟಿಕೆಟ್ ತೋರಿಸಿ ಕೇಳಿದರು. ಕೇಳಿದ್ದು ತಮಾಷೆಗೆ. ಫ್ಲೈಟ್ ಡಿಸ್ಪ್ಯಾಚರ್ ಆಗಿ ದಿನಾ ಹಾರಾಟದ ಪ್ಲಾನ್ ಹಾಕುವ ನಾನು ಹೇಳಿದೆ: ಹೌದು, ಬೆಳೆಯುತ್ತದೆ.

ನೆಲದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಎರಡೂ ಊರುಗಳಿರುವುದು 34ರಿಂದ 36 ಡಿಗ್ರಿ ಉತ್ತರ ಅಕ್ಷಾಂಶದ ಒಳಗೆ. ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದೇ ಹತ್ತಿರದ ದಾರಿ ಅನ್ನಿಸುತ್ತದೆ. ಗ್ಲೋಬ್ ಮೇಲೆ ದಾರ ಬಿಗಿದು ನೋಡಿ. ಅದು ಉತ್ತರಕ್ಕೆ ಸರಿದು, ಪೆಸಿಫಿಕ್ ನಡುವೆ ಸುಮಾರು 48 ಡಿಗ್ರಿಯವರೆಗೂ ಏರಿ ಇಳಿಯುತ್ತದೆ. ಈ ಮಹಾವೃತ್ತದ ದಾರಿ, ಅಂದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿ, ಸುಮಾರು 8,800 ಕಿ.ಮೀ. ಅಕ್ಷಾಂಶದ ಗುಂಟವೇ ಹೋದರೆ 400 ಕಿ.ಮೀ.ಗೂ ಹೆಚ್ಚು ಸುತ್ತು.

ಆನ್‌ಲೈನ್‌ನಲ್ಲಿ ದೂರ ಹುಡುಕಿದರೆ ಸಿಗುವುದು ಈ 8,800. ನನ್ನ ಕೆಲಸ ಶುರುವಾಗುವುದು ಅದರ ನಂತರ. ಯಾಕೆಂದರೆ ವಿಮಾನ ಈಜುವುದು ಗಾಳಿಯಲ್ಲಿ, ಆ ಗಾಳಿಯೇ ಹರಿಯುತ್ತಿರುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಜಪಾನ್ ಮೇಲೆ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ಇದನ್ನು 1920ರ ದಶಕದಲ್ಲೇ ಬಲೂನು ಬಿಟ್ಟು ಅಳೆದವರು ಜಪಾನಿನ ಹವಾಮಾನ ತಜ್ಞ ವಾಸಬುರೊ ಓಯಿಶಿ. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಲ್ಲ ದೇಶದವರಿಗೂ ಅಂತ ಕಟ್ಟಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದರು, ಪಾಪ, ಓದಿದವರು ಕಡಿಮೆ.

ವಿಮಾನದ ವೇಗ ಗಂಟೆಗೆ 900 ಕಿ.ಮೀ., ದಾರಿಯುದ್ದಕ್ಕೂ ಗಾಳಿಯ ಸರಾಸರಿ 100 ಅಂತ ಇಟ್ಟುಕೊಳ್ಳಿ. ಬೆನ್ನುಗಾಳಿ ಇದ್ದರೆ 8 ಗಂಟೆ 48 ನಿಮಿಷ, ಎದುರುಗಾಳಿ ಇದ್ದರೆ 11 ಗಂಟೆ. ಈ ಗಂಟೆಗಳನ್ನು ವಿಮಾನದ 900ರಿಂದ ಗುಣಿಸಿದರೆ, ಗಾಳಿಯಲ್ಲಿ ಈಜಿದ ದೂರ ಹೋಗುವಾಗ 7,920 ಕಿ.ಮೀ., ಬರುವಾಗ 9,900. ಇಂಧನ ತುಂಬಿಸುವುದು ಈ ಅಂಕಿ ನೋಡಿ. ಹೋಗುವಾಗ ಉಳಿದದ್ದಕ್ಕೂ ಬರುವಾಗ ಕಳೆದದ್ದಕ್ಕೂ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ ಗಾಳಿಯೇ ಇಲ್ಲದಿದ್ದಾಗಿನ ಲೆಕ್ಕಕ್ಕಿಂತ ಎರಡೂ ಕಡೆ ಸೇರಿ ಸುಮಾರು ಕಾಲು ಗಂಟೆ ಜಾಸ್ತಿ ಆಗುತ್ತದೆ. ಹಾಗಾಗಿ ಬರುವ ವಿಮಾನವನ್ನು ಜೆಟ್ ಸ್ಟ್ರೀಮ್ ತಪ್ಪಿಸಲು ಎಷ್ಟೋ ಸಲ ಇನ್ನೂ ಉತ್ತರಕ್ಕೆ, ಅಲಾಸ್ಕಾ ಕಡೆಗೆ ತಳ್ಳುತ್ತೇವೆ. ನೆಲದ ಮೇಲೆ ದೂರ ಹೆಚ್ಚು, ಗಾಳಿಯಲ್ಲಿ ಕಡಿಮೆ.

ಟಿಕೆಟ್ಟಿನ ಗಂಟೆಯಲ್ಲಿ ಇದರ ಜೊತೆಗೆ ಗೇಟಿನಿಂದ ರನ್‌ವೇವರೆಗಿನ ತೆವಳಾಟ, ಇಳಿಯಲು ಸರದಿ ಕಾಯುವುದು ಎಲ್ಲವೂ ಸೇರಿರುತ್ತದೆ. ಸ್ಥಳೀಯ ಸಮಯವಂತೂ ಬೇರೆಯೇ ಗೋಜಲು: ಸಂಜೆ 5ಕ್ಕೆ ಟೋಕಿಯೊ ಬಿಟ್ಟವರು ಚಳಿಗಾಲದಲ್ಲಿ ಅದೇ ದಿನ ಬೆಳಿಗ್ಗೆ 10ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತಾರೆ.

ಹೊಸಬರಿಗೆ ಕಲಿಸುವಾಗ ಒಂದು ಪ್ರಶ್ನೆ ಕೇಳುತ್ತೇನೆ. ಅದೇ ಬೆನ್ನುಗಾಳಿಯಲ್ಲಿ ಹೊರಟ ವಿಮಾನ 4,000 ಕಿ.ಮೀ. ದಾಟಿದೆ, ಪ್ರಯಾಣಿಕರೊಬ್ಬರಿಗೆ ಎದೆನೋವು. ನಡುವಿನ ಬೇರೆ ನಿಲ್ದಾಣಗಳನ್ನು ಲೆಕ್ಕಕ್ಕೆ ಬಿಡಿ. ತಿರುಗಿಸುವುದೋ, ಮುಂದೆ ಹೋಗುವುದೋ? ಅರ್ಧ ದಾರಿಯೂ ಆಗಿಲ್ಲ, ತಿರುಗಿಸಿ ಅನ್ನುವವರೇ ಹೆಚ್ಚು. ಹಿಂದಕ್ಕೆ 4,000 ಕಿ.ಮೀ., ಗಂಟೆಗೆ 800ರಂತೆ 5 ಗಂಟೆ. ಮುಂದಕ್ಕೆ 4,800 ಕಿ.ಮೀ., ಗಂಟೆಗೆ 1,000ದಂತೆ 4 ಗಂಟೆ 48 ನಿಮಿಷ.