ಪೌಡರ್ ಕೋಟಿಂಗ್: ಗನ್ ಹಿಡಿಯುವ ಮುಂಚೆ, ಓವನ್ ಮುಚ್ಚಿದ ಮೇಲೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೋಹದ ಮೇಲೆ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸುವ ಒಂದು ಸಣ್ಣ ಪೌಡರ್ ಕೋಟಿಂಗ್ ಶಾಪಿಗೆ ಕಲಿಯಲು ಸೇರಿದಾಗ ನನಗೆ ಪುಡಿ ಹೊಡೆಯುವ ಗನ್ ಹಿಡಿಯುವ ಆಸೆ. ಮೇಸ್ತ್ರಿಗಳು ಮಾತ್ರ ಎರಡು ವಾರ ಟ್ಯಾಂಕುಗಳ ಹತ್ತಿರವೇ ನಿಲ್ಲಿಸಿದರು. ಅದು ಯಾಕೆಂದು ಈಗ ತಿಳಿದಿದೆ, ಹಾಗಾಗಿ ಟಿಪ್ಪಣಿಯನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಶೀಟಿಗೆ ಏಳು ಟ್ಯಾಂಕ್: ಎಣ್ಣೆ ತೆಗೆಯುವ ಡಿಗ್ರೀಸಿಂಗ್, ನೀರು, ತುಕ್ಕು ತೆಗೆಯುವ ಆಸಿಡ್, ನೀರು, ಫಾಸ್ಫೇಟಿನ ಪದರ ಕೂರಿಸುವ ಫಾಸ್ಫೇಟಿಂಗ್, ನೀರು, ಕೊನೆಗೆ ಆ ಪದರವನ್ನು ತುಕ್ಕಿನಿಂದ ಕಾಯುವ ಪ್ಯಾಸಿವೇಶನ್. ಎಣ್ಣೆ ಪೂರ್ತಿ ಹೋಗಿದೆಯೋ ಇಲ್ಲವೋ ನೀರೇ ಹೇಳುತ್ತದೆ. ತೊಳೆದ ಶೀಟಿನ ಮೇಲೆ ನೀರು ಒಂದೇ ಪದರವಾಗಿ ಹರಡಿ ನಿಂತರೆ ಸರಿ; ಹರಿದು ಹನಿಗಟ್ಟಿದರೆ ಮತ್ತೆ ಮೊದಲ ಟ್ಯಾಂಕಿಗೆ. ಫಾಸ್ಫೇಟಿನ ಸಣ್ಣ ಹರಳುಗಳೇ ಪೌಡರಿಗೆ ಹಿಡಿತ ಕೊಡುವುದು. ಬಣ್ಣಕ್ಕೆ ಗೀರು ಬಿದ್ದಾಗ ತುಕ್ಕು ಒಳಗೊಳಗೇ ಹರಡದಂತೆ ತಡೆಯುವುದೂ ಅವೇ.

ಗನ್ನಿನ ತುದಿಯಲ್ಲಿ ಸುಮಾರು 60ರಿಂದ 100 ಕಿಲೋವೋಲ್ಟ್. ಅಲ್ಲಿ ಚಾರ್ಜ್ ಆದ ಪುಡಿ ಅರ್ಥಿಂಗ್ ಇರುವ ಪಾರ್ಟಿಗೆ ಅಂಟುತ್ತದೆ. ಹಳೆಯ ಬಣ್ಣ ಗಟ್ಟಿಯಾಗಿ ಕೂತ ಹುಕ್ಕಿಗೆ ಪಾರ್ಟ್ ತೂಗುಹಾಕಿದರೆ ಅರ್ಥಿಂಗ್ ಸಿಗುವುದಿಲ್ಲ, ಅರ್ಧ ಪುಡಿ ನೆಲಕ್ಕೇ. ಡಬ್ಬಿಯ ಒಳಮೂಲೆಗೆ ಪುಡಿ ಹೋಗದಿದ್ದಾಗ ವೋಲ್ಟೇಜ್ ಏರಿಸಬೇಡಿ, ಇಳಿಸಿ. ಹೆಚ್ಚು ವೋಲ್ಟೇಜಿನಲ್ಲಿ ಪುಡಿ ಅಂಚುಗಳಿಗೇ ಓಡುತ್ತದೆ, ಮೂಲೆ ಖಾಲಿ ಉಳಿಯುತ್ತದೆ. ಬಣ್ಣದ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ಬಂದರೆ ಸಾಕು. ನಮ್ಮೂರ ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯಲ್ಲಿ ನೀರು ಬಂದು ಪುಡಿ ಗಂಟಾಗುತ್ತದೆ. ದಿನಾ ಬೆಳಿಗ್ಗೆ ಕಂಪ್ರೆಸರ್ ಟ್ಯಾಂಕಿನ ನೀರು ಹೊರಬಿಡಿ, ಗಾಳಿ ಒಣಗಿಸುವ ಡ್ರೈಯರ್ ನೋಡಿಕೊಳ್ಳಿ.

ಬಿಸಿಲಿಗೆ ನಿಲ್ಲುವ ಗೇಟು, ಗ್ರಿಲ್‌ಗೆ ಪಾಲಿಯೆಸ್ಟರ್ ಪುಡಿ. ಎಪಾಕ್ಸಿ ಗಟ್ಟಿಯಾದರೂ ಬಿಸಿಲಿಗೆ ಸುಣ್ಣದಂತೆ ಬೆಳ್ಳಗಾಗುತ್ತದೆ.

ಇಲ್ಲಿಯ ಫೌಂಡ್ರಿಗಳಿಂದ ಬರುವ ಕಾಸ್ಟಿಂಗ್ ಬೇರೆಯೇ ಲೆಕ್ಕ. ಎರಕದಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಆಸಿಡ್‌ನಲ್ಲಿ ಬಹಳ ಹೊತ್ತು ಬಿಟ್ಟರೆ ಆಸಿಡ್ ರಂಧ್ರದ ಒಳಗೇ ಉಳಿದು ಮುಂದೆ ತುಕ್ಕಾಗಿ ಹೊರಬರುತ್ತದೆ, ಅದಕ್ಕೇ ಸಣ್ಣ ಲೋಹದ ಗುಂಡುಗಳನ್ನು ಜೋರಾಗಿ ಬಡಿದು ತುಕ್ಕು ತೆಗೆಯುವ ಶಾಟ್ ಬ್ಲಾಸ್ಟಿಂಗ್ ಮೇಲು. ರಂಧ್ರದಲ್ಲಿ ಸಿಕ್ಕಿದ ಗಾಳಿಯೂ ಓವನ್‌ನಲ್ಲಿ ಕಾಯ್ದು, ಕರಗಿದ ಬಣ್ಣವನ್ನು ತೂರಿಕೊಂಡು ಏಳುತ್ತದೆ. ಪಿನ್‌ಹೋಲ್ ಬೀಳುವುದು ಹೀಗೆ. ಉಪಾಯವೆಂದರೆ, ಬಣ್ಣ ಬೇಯುವ ತಾಪಕ್ಕಿಂತ ಸ್ವಲ್ಪ ಹೆಚ್ಚಿಗೆ ಕಾಸ್ಟಿಂಗನ್ನು ಮೊದಲೇ ಒಮ್ಮೆ ಕಾಯಿಸಿ, ಗಾಳಿ ಹೊರಹಾಕಿ, ಆರಿದ ಮೇಲೆ ಪುಡಿ ಹೊಡೆಯುವುದು.

ನಾನು ತಪ್ಪಿದ್ದು ಓವನ್‌ನಲ್ಲಿ. ಪುಡಿಯ ಚೀಟಿಯಲ್ಲಿ 200 ಡಿಗ್ರಿ, 10 ನಿಮಿಷ ಎಂದಿತ್ತು. ತೆಳು ಬ್ರಾಕೆಟ್ಟು, ದಪ್ಪ ಕಾಸ್ಟಿಂಗು ಎರಡನ್ನೂ ಒಟ್ಟಿಗೆ ತೂಗುಹಾಕಿ, ಮೀಟರ್ 200 ತೋರಿಸಿದ ಕೂಡಲೇ ಗಡಿಯಾರ ನೋಡಿದೆ. ಆದರೆ ಆ ಮೀಟರ್ ತೋರಿಸುವುದು ಓವನ್ನಿನ ಗಾಳಿಯ ತಾಪ. ಚೀಟಿಯ 200 ಡಿಗ್ರಿ ಲೋಹದ್ದು. ರೊಟ್ಟಿ ಬೇಯಿಸುವವರಿಗೆ ಇದು ಗೊತ್ತು: ಒಲೆ ಅದೇ ಇದ್ದರೂ ದಪ್ಪ ಹಂಚು ಕಾಯಲು ತಡ. ಬ್ರಾಕೆಟ್ ಚೆನ್ನಾಗಿ ಬಂತು. ಕಾಸ್ಟಿಂಗ್ ಕೂಡ ಅಷ್ಟೇ ಹೊಳೆಯುತ್ತಿತ್ತು, ಆದರೆ ಬಣ್ಣ ಪೂರ್ತಿ ಬೆಂದಿರಲಿಲ್ಲ; ಬೋಲ್ಟ್ ಬಿಗಿದಾಗ ವಾಷರ್ ಕೆಳಗಿನ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು. ಇಡೀ ಲಾಟ್ ವಾಪಸ್ ಬಂತು.

ಅಂದಿನಿಂದ ತೆಳು, ದಪ್ಪ ಬೇರೆ ಬೇರೆ ಬ್ಯಾಚ್. ತಾಪ ಅಳೆಯುವ ಥರ್ಮೋಕಪಲ್ ತಂತಿಯನ್ನು ಅತಿ ದಪ್ಪನೆಯ ಪಾರ್ಟಿಗೇ ಕಟ್ಟುತ್ತೇನೆ, ಅದು 200 ಮುಟ್ಟಿದ ಮೇಲೇ ಹತ್ತು ನಿಮಿಷ ಎಣಿಸುತ್ತೇನೆ.